ದೇವೇಂದ್ರಪ್ಪನವರ ಅಂಟಿನ ಫೈಲು

ಜನವರಿ ತಿಂಗಳ ದೆಹಲಿಯಲ್ಲಿ ಮಧ್ಯಾಹ್ನದ ಬಿಸಿಲು ಸರ್ಕಾರಿ ನೌಕರನ ಜನ್ಮಸಿದ್ಧ ಹಕ್ಕು. ಒಂದು ಗಂಟೆಗೆ ಸರಿಯಾಗಿ ಸಚಿವಾಲಯದ ಹಿಂದಿನ ಹುಲ್ಲುಹಾಸಿನ ಮೇಲೆ ಊಟದ ಡಬ್ಬಿಗಳು ತೆರೆಯುತ್ತವೆ. ಒಂದೂವರೆಗೆ ಮುಚ್ಚಬೇಕಾದವು ಎರಡೂವರೆಯಾದರೂ ಮುಚ್ಚುವುದಿಲ್ಲ. ಎರಡು ಸಾವಿರದ ಆರನೇ ಇಸವಿಯ ಅಂಥದೊಂದು ಬಿಸಿಲಿನಲ್ಲಿ ಸೆಕ್ಷನ್ ಆಫೀಸರ್ ದೇವೇಂದ್ರಪ್ಪನವರು ಮೊಸರನ್ನ ಮುಗಿಸಿ ಬೆರಳು ನೆಕ್ಕುತ್ತಿದ್ದಾಗ, ಪಕ್ಕದ ಸೆಕ್ಷನ್ನಿನ ಸೂರ್ಯನಾರಾಯಣ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಎಲ್ಲರ ಮಧ್ಯೆ ಇಟ್ಟರು. ಪೆಟ್ಟಿಗೆಯೊಳಗೆ ಬೆಂಕಿಕಡ್ಡಿಯಲ್ಲಿ ಕಟ್ಟಿದ ಹಡಗು. ಫೆಬ್ರವರಿ ಕೊನೆಗೆ ನಡೆಯುವ ನೌಕರರ ಹವ್ಯಾಸ ಪ್ರದರ್ಶನಕ್ಕೆಂದು ಮಾಡಿದ್ದು.

"ಕೌಶಲ ನಂದು, ಅಂಟು ಸಿಂಗಪುರದ್ದು," ಎಂದರು ಸೂರ್ಯನಾರಾಯಣ. "ತಂಗಿ ಕಳಿಸಿದ್ಲು. ಒಂದು ಹನಿ ಬಿದ್ರೆ ಸಾಕು, ಬ್ರಹ್ಮ ಬಂದ್ರೂ ಬಿಡಿಸೋಕಾಗಲ್ಲ."

ಎಲ್ಲರೂ ಭೇಷ್ ಭೇಷ್ ಎಂದರು. ದೇವೇಂದ್ರಪ್ಪನವರೂ ಅಷ್ಟೇ ಹೇಳಿ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇರಲಾರದವನು ಇರುವೆ ಬಿಟ್ಟುಕೊಂಡ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿದ್ದು.

"ಅಂಗಡಿ ಅಂಟಿನಲ್ಲಿ ಅಂಟಿಸೋದು ಯಾರ ಕೈಲಾಗಲ್ಲ ಹೇಳಿ? ನಮ್ಮ ಕಡೆ ಹುಣಸೆ ಬೀಜದಲ್ಲಿ ಅಂಟು ಕಾಯಿಸ್ತಾರೆ. ನಮ್ಮ ತಾತ ಕಾಯಿಸಿದ ಅಂಟಿನಲ್ಲಿ ಕೂರಿಸಿದ ಬಾಗಿಲು ರಾಣೆಬೆನ್ನೂರಲ್ಲಿ ಇವತ್ತಿಗೂ ಅಲ್ಲಾಡಿಲ್ಲ."

ಇದರಲ್ಲಿ ರಾಣೆಬೆನ್ನೂರು ಎಂಬುದೊಂದು ಮಾತ್ರ ನಿಜ. ಅವರ ತಾತ ಪೋಸ್ಟ್ ಮಾಸ್ತರರಾಗಿದ್ದವರು. ಜೀವಮಾನದಲ್ಲಿ ಅವರು ಅಂಟಿಸಿದ್ದು ಸ್ಟಾಂಪುಗಳನ್ನು, ಅದೂ ಎಂಜಲು ಹಚ್ಚಿ. ದೇವೇಂದ್ರಪ್ಪನವರು ಹತ್ತು ವರ್ಷದ ಹುಡುಗನಾಗಿದ್ದಾಗ ಊರಾಚೆ ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಬಳಿಯುವುದನ್ನು ಸೈಕಲ್ ಮೇಲಿಂದ ನೋಡಿದ್ದರು. ಸೈಕಲ್ಲು ನಿಂತಿರಲಿಲ್ಲ. ಅವರ ಅಂಟುವಿದ್ಯೆ ಇಷ್ಟೇ.

"ಹಾಗಾದ್ರೆ ನೀವೂ ಏನಾದ್ರೂ ಮಾಡಿ," ಎಂದು ಸೂರ್ಯನಾರಾಯಣ ಪ್ರದರ್ಶನದ ಪಟ್ಟಿ ಮುಂದೆ ಹಿಡಿದರು. ದೇವೇಂದ್ರಪ್ಪನವರು ಹಿಂದೆ ಮುಂದೆ ನೋಡದೆ ಬರೆದೇಬಿಟ್ಟರು: ತುಂಗಭದ್ರಾ ನದಿಯ ರೈಲ್ವೆ ಸೇತುವೆಯ ಮಾದರಿ, ಐಸ್‌ಕ್ರೀಮ್ ಕಡ್ಡಿಗಳಲ್ಲಿ. ಅಂಟು: ಸ್ವಂತ ತಯಾರಿಕೆ.

ಆರ್.ಕೆ.ಪುರಂನ ಮೊದಲ ಮಹಡಿಯ ಕ್ವಾರ್ಟರ್ಸಿನಲ್ಲಿ ಅಂದು ಸಂಜೆಯೇ ಸ್ವಂತ ತಯಾರಿಕೆ ಆರಂಭವಾಯಿತು. ಹೆಂಡತಿ ರತ್ನಪ್ರಭಮ್ಮ ಚೌಕಾಬಾರ ಆಡಲೆಂದು ಡಬ್ಬಿಯಲ್ಲಿ ಜೋಪಾನ ಮಾಡಿದ್ದ ಹುಣಸೆ ಬೀಜಗಳು ಮೊದಲು ಬಲಿಯಾದವು. ಆಮೇಲೆ ಸೆಕ್ಟರಿನ ಕನ್ನಡದವರ ಮನೆಗಳಿಂದ, ಸಾರಿಗೆ ಹುಣಸೆ ಕಿವುಚಿದ ಮೇಲೆ ಉಳಿದ ಬೀಜಗಳು ಪೊಟ್ಟಣ ಪೊಟ್ಟಣವಾಗಿ ಬಂದವು. ಹುರಿಯುವುದು, ನೆನೆಹಾಕುವುದು, ಸಿಪ್ಪೆ ಬಿಡಿಸುವುದು, ಕುಟ್ಟುವುದು. ಕೊನೆಗೆ ನೀರು ಬೆರೆಸಿ ಮೂರು ಗಂಟೆ ಸಣ್ಣ ಉರಿಯಲ್ಲಿ ಕಾಯಿಸಬೇಕು.

"ಮೂರು ಗಂಟೆನಾ!" ಎಂದರು ರತ್ನಪ್ರಭಮ್ಮ. "ಸಿಲಿಂಡರ್ ಬುಕ್ ಮಾಡಿದ್ರೆ ಬರೋಕೆ ಇಪ್ಪತ್ತೊಂದು ದಿನ. ರಾತ್ರಿ ಸಾರು ಇಳಿಸಿದ ಮೇಲೆ ಹದಿನೈದು ನಿಮಿಷ ಕೊಡ್ತೀನಿ. ಆಮೇಲೆ ನಾನೇ ಬಂದು ಆರಿಸ್ತೀನಿ."

ಹಾಗಾಗಿ ಅಂಟು ದಿನವೂ ಹದಿನೈದು ನಿಮಿಷ ಮಾತ್ರ ಕಾಯುತ್ತಿತ್ತು. ನೋಡಲು ಮೂಲಂಗಿ ಬೇಯಿಸಿದ ನೀರಿನ ಹಾಗಿತ್ತು. ಹಚ್ಚಿದ ಕಡ್ಡಿ ಒಂದು ನಿಮಿಷ ನಿಂತು, ಕೈ ತೆಗೆದರೆ ಜಾರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ದೇವೇಂದ್ರಪ್ಪನವರು ಅದನ್ನು ಅಂಟಿನ ದೋಷವೆಂದು ಒಪ್ಪಲಿಲ್ಲ. ದೆಹಲಿಯ ಮಂಜಿಗೆ ಒಣಗುವುದು ತಡ, ಅಷ್ಟೇ. ಒಣಗುವವರೆಗೆ ಇರಲಿ ಎಂದು ಕಡ್ಡಿಗಳನ್ನು ಬಿಳಿ ದಾರದಿಂದ ಬಿಗಿದರು. ಸೇತುವೆ ಬೆಳೆಯುತ್ತಾ ಹೋಯಿತು, ದಾರದ ಉಂಡೆ ಕರಗುತ್ತಾ ಬಂತು.

"ಪಪ್ಪಾ, ಇದು ಬ್ರಿಡ್ಜ್ ಅಲ್ಲ, ಧಾಗಾ ಇದೆ," ಎಂದಳು ಮಗಳು ಹರಿಣಿ. ಹನ್ನೆರಡನೇ ಕ್ಲಾಸು, ಮಾರ್ಚಿ ಒಂದಕ್ಕೆ ಬೋರ್ಡ್ ಪರೀಕ್ಷೆ. "ಔರ್ ಪ್ಲೀಸ್, ಆ ಠಕ್ ಠಕ್ ಬಂದ್ ಕರೋ. ನಂಗೆ ಕೆಮಿಸ್ಟ್ರಿ ಓದೋಕೆ ಆಗ್ತಾ ಇಲ್ಲ."

ಠಕ್ ಠಕ್ ಕೇಳಿದ್ದು ಹರಿಣಿಗೆ ಮಾತ್ರವಲ್ಲ. ಕೆಳಗಿನ ಮನೆಯಲ್ಲಿದ್ದವರು ಭಟ್ನಾಗರ್. ಕಾಲೋನಿ ಸಂಘದ ಕಾರ್ಯದರ್ಶಿ, ಬಹಳ ಮರ್ಯಾದಸ್ಥ. ಒಂದು ಬೆಳಗ್ಗೆ ಮೆಟ್ಟಿಲಲ್ಲಿ ಸಿಕ್ಕಾಗ ನಗುನಗುತ್ತಾ ಕೇಳಿದರು: "ದೇವೇಂದ್ರಪ್ಪಾಜಿ, ದಿನಾ ಸಂಜೆ ಮೇಲೆ ಏನೋ ಕುಟ್ಟುತ್ತೀರಲ್ಲ, ಏನದು?"

ಇದಕ್ಕೆ ಉತ್ತರ ಮೂರು ಮಾತು. ಆದರೆ ಐವತ್ತಾರು ವರ್ಷದ ಸೆಕ್ಷನ್ ಆಫೀಸರು 'ಆಟದ ಸೇತುವೆ ಮಾಡ್ತಿದೀನಿ' ಎಂದು ಮೆಟ್ಟಿಲ ಮೇಲೆ ನಿಂತು ಹೇಗೆ ಹೇಳುವುದು? ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಬಂದ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರಿಸಿ ಅಭ್ಯಾಸವೂ ಇರಲಿಲ್ಲ. "ಲಿಖಿತವಾಗಿ ತಿಳಿಸ್ತೀನಿ ಭಟ್ನಾಗರ್ ಸಾಹೇಬ್," ಎಂದರು. ಭಟ್ನಾಗರರು ಇದನ್ನು ತಮಾಷೆ ಎಂದುಕೊಂಡು ಹಾಲು ತರಲು ಹೋದರು.

"ಕೆಳಗೆ ಹೋಗಿ ಬಾಯಲ್ಲಿ ಹೇಳಿ ಬನ್ನಿ, ಮುಗೀತು," ಎಂದು ರತ್ನಪ್ರಭಮ್ಮ ಹೇಳಿದ್ದೂ ಉಂಟು. ಹೆಂಡತಿಯ ಮಾತು ಕೇಳಿದ್ದರೆ ದೇಶದ ಎಷ್ಟೋ ಫೈಲುಗಳು ಹುಟ್ಟುತ್ತಲೇ ಇರಲಿಲ್ಲ.

ಪತ್ರ ಇಂಗ್ಲಿಷಿನಲ್ಲಿತ್ತು, ಅದರ ಸಾರ ಇದು. "ವಿಷಯ: ಕ್ವಾರ್ಟರ್ಸಿನಲ್ಲಿ ಅಂಟು ಉತ್ಪಾದನೆ, ಮಾಹಿತಿ ನೀಡುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತುಂಗಭದ್ರಾ ನದಿಯ ರೈಲ್ವೆ ಸೇತುವೆಯ ನಿರ್ಮಾಣಕ್ಕಾಗಿ ಸದರಿ ಕ್ವಾರ್ಟರ್ಸಿನಲ್ಲಿ ದಿನವಹಿ ಎರಡು ಲೀಟರ್ ಅಂಟನ್ನು ಉತ್ಪಾದಿಸಲಾಗುತ್ತಿದೆ. ಕಚ್ಚಾವಸ್ತುವನ್ನು ಸ್ಥಳೀಯವಾಗಿ ಸಂಗ್ರಹಿಸಲಾಗಿದೆ. ಕುಟ್ಟುವ ಕಾರ್ಯ ಫೆಬ್ರವರಿ ಅಂತ್ಯದೊಳಗೆ ಪೂರ್ಣಗೊಳ್ಳುವ ನಿರೀಕ್ಷೆಯಿದೆ." ಮಾದರಿ ಎಂಬ ಪದವನ್ನು ಮೊದಲು ಬರೆದಿದ್ದರು. ಮಕ್ಕಳಾಟಿಕೆ ಅನ್ನಿಸಿ ಹೊಡೆದುಹಾಕಿದರು.

ಕೆಳಗೆ ರೂಢಿಯಂತೆ 'ಪ್ರತಿ' ಎಂದು ಬರೆದರು. ಪ್ರತಿ ಇಲ್ಲದ ಪತ್ರ ಅವರ ಕಣ್ಣಿಗೆ ಕುಂಕುಮವಿಲ್ಲದ ಹಣೆಯಂತೆ ಕಾಣುತ್ತಿತ್ತು. ಒಂದು ಗ್ಯಾಸ್ ಏಜೆನ್ಸಿಗೆ, ಒಂದು ನಲ್ಲಿ ರಿಪೇರಿಯವರ ಕಚೇರಿಗೆ, ಒಂದು ಕ್ವಾರ್ಟರ್ಸ್ ಹಂಚಿಕೆಯ ಕಚೇರಿಗೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವಾಗಲೂ ಮನುಷ್ಯ ಇಷ್ಟು ಅಚ್ಚುಕಟ್ಟಾಗಿ ವಿಳಾಸ ಬರೆದುಕೊಡುವುದಿಲ್ಲ.

ಗ್ಯಾಸಿನವರು ಸುಮ್ಮನಿದ್ದರು. ನಲ್ಲಿಯವರು ಎಂದಿನಿಂದಲೂ ಸುಮ್ಮನಿದ್ದವರೇ. ಕ್ವಾರ್ಟರ್ಸ್ ಕಚೇರಿ ಮಾತ್ರ ಹತ್ತನೇ ದಿನಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಶೋಕಾಸ್ ನೋಟೀಸು ಕಳಿಸಿತು. ಆರೋಪ ಒಂದು: ಸರ್ಕಾರಿ ವಸತಿಯಲ್ಲಿ ಕಾರ್ಖಾನೆ ನಡೆಸುತ್ತಿದ್ದೀರಿ. ಆರೋಪ ಎರಡು: ಸರ್ಕಾರಿ ನೌಕರರಾಗಿದ್ದುಕೊಂಡು ರೈಲ್ವೆ ಸೇತುವೆಯ ಗುತ್ತಿಗೆ ಹಿಡಿದಿದ್ದೀರಿ. ಕ್ವಾರ್ಟರ್ಸನ್ನು ಏಕೆ ರದ್ದುಪಡಿಸಬಾರದು?

ರತ್ನಪ್ರಭಮ್ಮ ನೋಟೀಸನ್ನು ಎರಡು ಸಲ ಓದಿದರು. ಮೊದಲ ಸಲ ನಿಂತು, ಎರಡನೇ ಸಲ ಕೂತು.

"ಪರೀಕ್ಷೆ ಮಾರ್ಚಿ ಒಂದಕ್ಕೆ. ಶಾಲೆ ಇಲ್ಲಿಂದ ಹತ್ತು ಹೆಜ್ಜೆ. ಫೆಬ್ರವರೀಲಿ ಮನೆ ಖಾಲಿ ಮಾಡಿ ಅಂದ್ರೆ ಹುಡುಗಿ ಎಲ್ಲಿ ಕೂತು ಓದ್ಬೇಕು? ನಾವು ಎಲ್ಲಿಗೆ ಹೋಗ್ಬೇಕು?"

ಎಲ್ಲಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು. ದ್ವಾರಕಾದ ಸೊಸೈಟಿ ಫ್ಲಾಟಿನಲ್ಲಿ ದೇವೇಂದ್ರಪ್ಪನವರ ಅಣ್ಣ ಬಸವಲಿಂಗಪ್ಪ ಇದ್ದರು, ನಿವೃತ್ತ ಅಧಿಕಾರಿ. ಅಣ್ಣನಿಗಿಂತ ಹೆಚ್ಚಾಗಿ ಅಲ್ಲಿ ಅತ್ತಿಗೆ ವೈಜಯಂತಿ ಇದ್ದರು. ಸುದ್ದಿ ಅದು ಹೇಗೋ ಅವರಿಗೆ ತಲುಪಿ ಸಂಜೆಯೇ ಫೋನು ಬಂತು.

"ಸಂಕೋಚ ಪಡಬೇಡ ರತ್ನಾ, ಬಂದ್ಬಿಡಿ," ಎಂದರು ವಾರಗಿತ್ತಿ. "ಹಿಂದಿನ ರೂಮಿನಲ್ಲಿರೋ ಹಳೇ ಫ್ರಿಜ್ಜು ಸರಿಸಿದ್ರೆ ಮೂರು ಜನ ಮಲಗಬಹುದು. ನಮ್ಮನೇಲಿ ನಿಯಮ ಅಂತ ಇರೋದು ಒಂದೇ, ರಾತ್ರಿ ಎಂಟರ ಮೇಲೆ ಲೈಟ್ ಹಾಕೋ ಹಾಗಿಲ್ಲ. ಮಿಕ್ಕ ನಿಯಮ ಎಲ್ಲ ನೀನು ಬಂದ ಮೇಲೆ ಹೇಳ್ತೀನಿ."

ರತ್ನಪ್ರಭಮ್ಮ ಫೋನಿಟ್ಟು ಗಂಡನ ಕಡೆ ತಿರುಗಿದರು. "ನೋಡಿ, ಈ ಮನೆ ಉಳಿಸಿಕೊಡಿ. ಮದುವೆಯಾದ ಮೇಲೆ ನಾನು ನಿಮ್ಮನ್ನ ಇನ್ನೇನೂ ಕೇಳಿಲ್ಲ."

ಅದು ಪೂರ್ತಿ ನಿಜವಲ್ಲ, ಆದರೆ ಎದುರಾಡುವ ಹೊತ್ತೂ ಅದಲ್ಲ. ದೇವೇಂದ್ರಪ್ಪನವರಿಗೆ ನಿಜಕ್ಕೂ ಹೆದರಿಕೆಯಾಯಿತು. ಹೆದರಿಕೆಯಾದಾಗ ಬೇರೆಯವರು ದೇವರ ಮುಂದೆ ಕೂರುತ್ತಾರೆ. ಇವರು ಟೈಪ್‌ರೈಟರ್ ಮುಂದೆ ಕೂತು ಸ್ಪಷ್ಟೀಕರಣ ಬರೆದರು: "ಸದರಿ ಸೇತುವೆಯು ಗುತ್ತಿಗೆಯದಲ್ಲ. ಅದರ ಒಟ್ಟು ಉದ್ದ ನಾಲ್ಕು ಅಡಿ ಮಾತ್ರ. ಅದನ್ನು ಕ್ವಾರ್ಟರ್ಸಿನ ಒಳಗೇ ಕಟ್ಟಲಾಗುತ್ತಿದೆ." ಈ ಸಲವೂ ಮಾದರಿ ಎಂದು ಬರೆಯಲು ಕೈ ಬರಲಿಲ್ಲ. ನಾಲ್ಕು ಅಡಿ ಎಂದ ಮೇಲೆ ಯಾರಿಗಾದರೂ ಅರ್ಥವಾಗುವುದೇ ಅಲ್ಲವೇ ಎಂದುಕೊಂಡರು.

ಕಚೇರಿಗೂ ಅರ್ಥವಾಯಿತು. ಮೂರನೇ ಆರೋಪ ಬಂತು: ಸರ್ಕಾರಿ ವಸತಿಯ ಒಳಗೆ ಅನುಮತಿಯಿಲ್ಲದೆ ಸೇತುವೆ ಕಟ್ಟುತ್ತಿದ್ದೀರಿ. ಶನಿವಾರ ಬೆಳಗ್ಗೆ ಇನ್ಸ್‌ಪೆಕ್ಟರು ಖುದ್ದಾಗಿ ಸ್ಥಳ ಪರಿಶೀಲನೆಗೆ ಬರುತ್ತಾರೆ.

ಈ ನಡುವೆ ಒಂದು ವಿಷಯ ದೇವೇಂದ್ರಪ್ಪನವರಿಗೆ ಸ್ವಲ್ಪ ಧೈರ್ಯ ಕೊಟ್ಟಿತ್ತು. ನೆರೆಹೊರೆಯವರು ಅಂಟು ಕೇಳಿಕೊಂಡು ಬರತೊಡಗಿದ್ದರು. ಭಟ್ನಾಗರರ ಹೆಂಡತಿ ಒಂದು ಬಟ್ಟಲು ಒಯ್ದರು. ಮರುದಿನ ಪಕ್ಕದ ಬ್ಲಾಕಿನ ಸರಳಾ ಬಂದರು, ಅದರ ಮರುದಿನ ಮೂವರು. ಹದಿನೈದು ನಿಮಿಷದ ಅಂಟು ಬಟ್ಟಲು ಬಟ್ಟಲಾಗಿ ಖಾಲಿಯಾಗುತ್ತಿತ್ತು. ಪರೀಕ್ಷೆಯ ಕಾಲ, ಮಕ್ಕಳ ಫಾರಂಗಳಿಗೆ ಫೋಟೋ ಅಂಟಿಸುತ್ತಾರೇನೋ ಎಂದುಕೊಂಡು ಅವರು ಒಳಗೊಳಗೇ ಬೀಗುತ್ತಿದ್ದರು. ಕಾಲೋನಿಯ ಹೆಂಗಸರ ಸೀರೆಗಳು ಇತ್ತೀಚೆಗೆ ಗಣರಾಜ್ಯೋತ್ಸವದ ಪರೇಡಿನಂತೆ ನೆಟ್ಟಗೆ ನಡೆಯುತ್ತಿರುವುದನ್ನು ಗಮನಿಸಿದ್ದರು, ಆದರೆ ಎರಡನ್ನೂ ಸೇರಿಸಿ ನೋಡಲಿಲ್ಲ.

ಶನಿವಾರ ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಡಬಾಸ್ ಬಂದರು. ಆರಡಿ ಆಳು, ಮಂಕಿ ಕ್ಯಾಪು, ಅದರಿಂದ ಹೊರಗೆ ಚಾಚಿದ ಮೀಸೆ, ಕಂಕುಳಲ್ಲಿ ಲಾಡಿ ಕಟ್ಟಿದ ಫೈಲು. ಸೋಫಾದಲ್ಲಿ ಕೂತವರೇ ಕೇಳಿದರು: "ಸೇತುವೆ ಎಲ್ಲಿ?"

ದೇವೇಂದ್ರಪ್ಪನವರು ಊಟದ ಮೇಜು ತೋರಿಸಿದರು. ಐಸ್‌ಕ್ರೀಮ್ ಕಡ್ಡಿಯ ನಾಲ್ಕು ಅಡಿ ಸೇತುವೆಯನ್ನು ಡಬಾಸ್ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನೋಡಿದರು. ಮೇಜಿನ ಕೆಳಗೆ ಬಗ್ಗಿಯೂ ನೋಡಿದರು. "ಇದರ ಮೇಲೆ ರೈಲು ಹೋಗುತ್ತಾ?" ಎಂದರು.

"ಇಲ್ಲ ಸಾರ್, ಇದು ಹವ್ಯಾಸ."

"ಹವ್ಯಾಸ ಅಂತ ಪತ್ರದಲ್ಲಿಲ್ಲ. ಪತ್ರದಲ್ಲಿ ರೈಲ್ವೆ ಅಂತಿದೆ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಶ್ರೀಮತಿ ಭಟ್ನಾಗರ್ ಹಿಂದಿನ ದಿನದ ಬಟ್ಟಲು ವಾಪಸು ತಂದಿದ್ದರು. ಪಡೆದ ಬಟ್ಟಲನ್ನು ಖಾಲಿಯಾಗಿ ಹಿಂದಿರುಗಿಸಬಾರದು; ಈ ಪದ್ಧತಿ ರಾಣೆಬೆನ್ನೂರಿನಲ್ಲಿ ಇರುವಂತೆ ದೆಹಲಿಯಲ್ಲೂ ಇದೆ. ಬಟ್ಟಲ ತುಂಬ ಬಿಸಿ ಬಿಸಿ ಕ್ಯಾರೆಟ್ ಹಲ್ವಾ ಇತ್ತು.

"ಇದರಲ್ಲೇ ಒಯ್ದಿದ್ದಿರಾ?" ಕೇಳಿದರು ಡಬಾಸ್.

"ಹಾಂಜೀ, ದಿನಾ ಒಯ್ತೀವಿ."

ಡಬಾಸ್ ಬರೆದುಕೊಂಡರು: ಗ್ರಾಹಕರು, ಒಂದು. ಪಾವತಿ: ಹಲ್ವಾ.

ಎರಡು ನಿಮಿಷಕ್ಕೆ ಸರಳಾ ಬಂದರು. ಅವರ ಬಟ್ಟಲಲ್ಲಿ ಹಸಿಬಟಾಣಿ ಉಸಲಿ. ಗ್ರಾಹಕರು, ಎರಡು. ಪಾವತಿ: ಉಸಲಿ. ಮೂರನೆಯವರು ಮೂಲಂಗಿ ಪರೋಟ ತಂದರು. ರತ್ನಪ್ರಭಮ್ಮ ಬಾಗಿಲಿಗೂ ಅಡುಗೆಮನೆಗೂ ಓಡಾಡಿ, ಬಂದ ಹೆಂಗಸರಿಗೂ ಇನ್ಸ್‌ಪೆಕ್ಟರಿಗೂ ಚಹಾ ಕೊಟ್ಟು ಬೆವತುಹೋದರು. ಒಲೆಯ ಇನ್ನೊಂದು ಉರಿಯ ಮೇಲೆ ಬೆಳಗ್ಗೆ ಏಳಕ್ಕೇ ಗಂಡ ಇಟ್ಟಿದ್ದ ಅಂಟಿನ ಪಾತ್ರೆ ಕಾಯುತ್ತಲೇ ಇತ್ತು. ಅಂದು ಅದನ್ನು ಆರಿಸುವ ನೆನಪು ಯಾರಿಗೂ ಬರಲಿಲ್ಲ.

"ಕೇಸು ಪಕ್ಕಾ," ಎಂದರು ಡಬಾಸ್ ಹಲ್ವಾ ಸವಿಯುತ್ತಾ. "ಮಾಲು ಹೊರಗೆ ಹೋಗುತ್ತೆ, ಬೆಲೆ ಒಳಗೆ ಬರುತ್ತೆ. ಬೆಹೆನ್‌ಜೀ, ಈ ಅಂಟಿನಲ್ಲಿ ನೀವೆಲ್ಲ ಏನು ಅಂಟಿಸ್ತೀರಿ?"

ಶ್ರೀಮತಿ ಭಟ್ನಾಗರ್ ಬೆಪ್ಪಾಗಿ ನೋಡಿದರು. "ಅಂಟು? ಯಾವ ಅಂಟು? ಇದು ಸೀರೆಗೆ ಹಾಕೋ ಗಂಜಿ ಅಲ್ವಾ? ಎಂಥಾ ಗಂಜಿ ಅಂತೀರಿ! ಭಟ್ನಾಗರ್ ಸಾಹೇಬರ ಕುರ್ತಾ ಅವರು ತೆಗೆದಿಟ್ಟ ಮೇಲೂ ಮೂಲೇಲಿ ನಿಂತೇ ಇರುತ್ತೆ."

ದೇವೇಂದ್ರಪ್ಪನವರು ಹೆಂಡತಿಯ ಮುಖ ನೋಡಿದರು. ರತ್ನಪ್ರಭಮ್ಮ ಸೀಲಿಂಗ್ ಫ್ಯಾನು ನೋಡಿದರು. ಚೆಲ್ಲುವುದು ಯಾಕೆಂದು ಮೊದಲು ತಮ್ಮ ಕಾಟನ್ ಸೀರೆಗೆ ಹಾಕಿ, ಆಮೇಲೆ ಊರಿಗೆಲ್ಲ ಹಂಚಿದವರು ಅವರೇ.

"ಅಚ್ಛಾ," ಎಂದು ಡಬಾಸ್ ಪುಟ ತಿರುವಿದರು. "ಹಾಗಾದರೆ ಇದು ಲಾಂಡ್ರಿ." ನಾಲ್ಕನೇ ಆರೋಪ ಬರೆಯತೊಡಗಿದರು.

ಆಗ ಒಳಗಿನ ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಹರಿಣಿ, ಕೈಯಲ್ಲಿ ಕೆಮಿಸ್ಟ್ರಿ ಪುಸ್ತಕ, ಕಣ್ಣಲ್ಲಿ ನೀರು.

"ಅಂಕಲ್, ಫ್ಯಾಕ್ಟರಿನೂ ಇಲ್ಲ, ಲಾಂಡ್ರಿನೂ ಇಲ್ಲ. ಪಪ್ಪಾ ಸುಮ್ನೆ ಶೋ ಆಫ್ ಮಾಡ್ತಾರೆ, ಬಸ್. ಇದು ಏನೂ ಅಂಟಿಸಲ್ಲ. ದೇಖಿಯೇ!"

ಸೇತುವೆಯ ತುದಿಯಲ್ಲಿ ನೇತಾಡುತ್ತಿದ್ದ ದಾರವನ್ನು ಅವಳು ಹಿಡಿದು ಎಳೆದಳು. ಮೊದಲು ಒಂದು ಕಡ್ಡಿ ಜಾರಿತು, ಆಮೇಲೆ ಎರಡು. ಒಂದು ಕಮಾನು ಮಂಡಿಯೂರಿತು, ಅದರ ಪಕ್ಕದ್ದು ಅದರ ಮೇಲೆ ಒರಗಿತು. ಅವಳು ಎಳೆಯುತ್ತಲೇ ಹೋದಳು, ದಾರ ಬರುತ್ತಲೇ ಹೋಯಿತು. ಕೊನೆಗೆ ಮೇಜಿನ ಮೇಲೆ ಎಂಟುನೂರು ಐಸ್‌ಕ್ರೀಮ್ ಕಡ್ಡಿಗಳೂ ಅವಳ ಕೈಯಲ್ಲಿ ಒಂದು ಉಂಡೆ ದಾರವೂ ಉಳಿದವು.

ಡಬಾಸ್ ಒಂದು ಕಡ್ಡಿ ಎತ್ತಿ ಮೂಸಿದರು. ಎರಡನ್ನು ಸೇರಿಸಿ ಒತ್ತಿದರು. ಬಿಟ್ಟರು. ಬಿದ್ದವು. ಅವರ ಮುಖದಲ್ಲಿ ಮೊದಲ ಬಾರಿಗೆ ಕನಿಕರ ಕಂಡಿತು.

"ಭಾಯಿಸಾಬ್, ಈ ಮಾಲು ಇಟ್ಟುಕೊಂಡು ಯಾರೂ ಕಾರ್ಖಾನೆ ನಡೆಸಲಾರರು. ಗಂಜಿ ನಮ್ಮ ಮನೇಲೂ ಕಾಯಿಸ್ತಾರೆ, ಅದು ಬಿಡಿ. 'ನನ್ನ ಅಂಟು ಅಂಟುವುದಿಲ್ಲ' ಅಂತ ಒಂದು ಹೇಳಿಕೆ ಬರೆದುಕೊಡಿ. ಮೇಲೆ ಫೋಟೋ ಇರಲಿ. ಕೇಸು ಮುಚ್ಚಿಸ್ತೀನಿ."

ದೇವೇಂದ್ರಪ್ಪನವರು ಪೆನ್ನು ಕೈಗೆ ತೆಗೆದುಕೊಂಡು ಕಲ್ಲಾಗಿ ಕೂತರು. ಸರ್ಕಾರಿ ಕಡತದಲ್ಲಿ ಒಮ್ಮೆ ಬರೆದದ್ದು ಬರೆದದ್ದೇ. ತಾತನ ಇಲ್ಲದ ಬಾಗಿಲು ಈಗ ಅಲ್ಲಾಡತೊಡಗಿತು.

"ಅದು... ಇನ್ನೂ ಒಣಗಿಲ್ಲ ಸಾರ್," ಎಂದರು.

"ಬರೀರಿ," ಎಂದರು ರತ್ನಪ್ರಭಮ್ಮ ಕನ್ನಡದಲ್ಲಿ, ಅತಿಥಿಯ ಕಡೆ ನಗುಮುಖ ಇಟ್ಟುಕೊಂಡೇ. "ಇಲ್ಲಾಂದ್ರೆ ಈಗಲೇ ದ್ವಾರಕಾಗೆ ಫೋನ್ ಮಾಡಿ ಫ್ರಿಜ್ಜು ಸರಿಸೋಕೆ ಹೇಳ್ತೀನಿ."

ಬರೆದರು. "ಸದರಿ ಅಂಟು ಯಾವ ವಸ್ತುವಿಗೂ, ಯಾವ ಕಾಲಕ್ಕೂ, ಯಾವ ಸಂದರ್ಭದಲ್ಲೂ ಅಂಟುವುದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ." ಸಹಿಯ ಕೆಳಗೆ ತಾರೀಕು ಹಾಕುವುದನ್ನೂ ಮರೆತರು. ಆ ಮನುಷ್ಯನಿಗೆ ಅಷ್ಟು ದುಃಖವಾಗಿತ್ತು.

ಇನ್ನು ಫೋಟೋ. ಸ್ವಾಭಿಮಾನದ ಕಾರಣ ಮನೆಯಲ್ಲಿ ಅಂಗಡಿಯ ಅಂಟೇ ಇರಲಿಲ್ಲ. "ನಿಮ್ಮದೇ ತನ್ನಿ," ಎಂದರು ಡಬಾಸ್, "ಕಚೇರಿ ಮುಟ್ಟುವವರೆಗೆ ನಿಂತರೆ ಸಾಕು."

ದೇವೇಂದ್ರಪ್ಪನವರು ಅಡುಗೆಮನೆಗೆ ಹೋದಾಗ ಪಾತ್ರೆಯಲ್ಲಿ ಎರಡು ಲೀಟರು ಇಂಗಿ ಕಾಲು ಲೀಟರು ಆಗಿತ್ತು. ಬಣ್ಣ ಜೇನಿನದು. ಸೌಟು ಅಲ್ಲಾಡಿಸಿದರೆ ಪಾತ್ರೆಯೂ ಸ್ವಲ್ಪ ಅಲ್ಲಾಡಿತು. ಅವರು ದುಃಖದಲ್ಲಿದ್ದರು, ಗಮನಿಸಲಿಲ್ಲ. ಒಲೆ ಆರಿಸಿ ಎರಡು ಚಮಚ ಬಟ್ಟಲಿಗೆ ಹಾಕಿ ತಂದರು. ಡಬಾಸ್ ತಾವೇ ಚಮಚ ತೆಗೆದುಕೊಂಡರು. ಅಂಟದ ಅಂಟಿಗೆ ಉಳಿತಾಯ ಎಂಥದ್ದೆಂದು ಫೋಟೋ ಬೆನ್ನಿಗೆ ಧಾರಾಳವಾಗಿ ಬಳಿದರು. ಹೇಳಿಕೆಯನ್ನು ಫೈಲಿನ ಹಾಳೆಗೆ ಸೇರಿಸುವಾಗ ಇನ್ನಷ್ಟು ಸುರಿದರು. ಅದು ಅಂಚಿನಿಂದ ಇಳಿದು ಹಾಳೆ ಹಾಳೆಗಳ ನಡುವೆ ನುಗ್ಗಿತು. ಫೈಲು ಮುಚ್ಚಿ, ಲಾಡಿ ಬಿಗಿದು, ಸ್ಕೂಟರಿನ ಸೀಟಿನ ಮೇಲಿಟ್ಟು, ಅದರ ಮೇಲೆ ತಾವು ಕೂತು ಹೊರಟುಹೋದರು. ಆರಡಿ ಆಳಿನ ಭಾರ ಸುಮಾರು ಒಂದು ಗಂಟೆ ಆ ಫೈಲಿನ ಮೇಲೆ ಇತ್ತು.

ಹದಿನೈದು ದಿನ ಏನೂ ಸುದ್ದಿಯಿಲ್ಲ. ಹದಿನಾರನೇ ದಿನ ಕರೆ ಬಂತು: ತಕ್ಷಣ ಮೇಡಂ ಮುಂದೆ ಹಾಜರಾಗಿ.

ಕ್ವಾರ್ಟರ್ಸ್ ಕಚೇರಿಯ ಮೇಡಂ ತೆಳ್ಳಗೆ, ಕನ್ನಡಕ ಹಾಕಿದ್ದರು, ಹೆಚ್ಚು ಮಾತಿನವರಲ್ಲ. ಅವರ ಮೇಜಿನ ಮೇಲೆ ದೇವೇಂದ್ರಪ್ಪನವರ ಫೈಲಿತ್ತು. ಅದರ ಪಕ್ಕದಲ್ಲಿ ಕಾಗದ ಕತ್ತರಿಸುವ ಮುರಿದ ಚಾಕು, ಬಗ್ಗಿದ ಸ್ಕೇಲು, ಒಂದು ಸ್ಕ್ರೂಡ್ರೈವರ್. ಜವಾನ ಒಂದು ಬದಿಗೆ ನಿಂತು ಕೈ ಒತ್ತಿಕೊಳ್ಳುತ್ತಿದ್ದ. ಡಬಾಸ್ ಇನ್ನೊಂದು ಬದಿಗೆ ನಿಂತು ಮೀಸೆ ಕಡಿಯುತ್ತಿದ್ದರು.

"ಈ ಫೈಲು ತೆರೆಯುತ್ತಿಲ್ಲ," ಎಂದರು ಮೇಡಂ. "ಹದಿನೈದು ದಿನದಿಂದ ಪ್ರಯತ್ನ ನಡೆದಿದೆ. ಮುಟ್ಟಿ ನೋಡಿ."

ದೇವೇಂದ್ರಪ್ಪನವರು ಮುಟ್ಟಿದರು. ನೋಟೀಸು, ಪತ್ರ, ಸ್ಪಷ್ಟೀಕರಣ, ಟಿಪ್ಪಣಿ, ರಟ್ಟು, ಲಾಡಿ ಎಲ್ಲ ಸೇರಿ ಒಂದೇ ಹಲಗೆಯಾಗಿತ್ತು. ಬೆರಳಿನಿಂದ ತಟ್ಟಿದರು. ಠಣ್ ಎಂದಿತು. ಅವರ ಮೈ ಜುಮ್ಮೆಂದಿತು.

"ಹರಿಯೋಣ ಎಂದರೆ ಸರ್ಕಾರಿ ದಾಖಲೆ," ಮೇಡಂ ಮುಂದುವರಿಸಿದರು. "ಹರಿಯಲು ಅನುಮತಿ ಬೇಕು. ಅನುಮತಿಯ ಟಿಪ್ಪಣಿಯನ್ನು ಇದೇ ಫೈಲಿನಲ್ಲಿ ಬರೆಯಬೇಕು. ಬರೆಯಲು ಇದು ತೆರೆಯಬೇಕು. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಹೇಳಿಕೆಯಲ್ಲಿ ಏನು ಬರೆದಿದ್ದೀರಿ?"

ದೇವೇಂದ್ರಪ್ಪನವರು ಫೈಲಿನಿಂದ ಕೈ ತೆಗೆದರು.

"ನನ್ನ ಅಂಟು ಅಂಟುವುದಿಲ್ಲ ಅಂತ ಬರೆದಿದ್ದೇನೆ ಮೇಡಂ."

ಎಲ್ಲರೂ ಫೈಲನ್ನು ನೋಡಿದರು. ಜವಾನ ತನ್ನ ಕೈ ನೋಡಿಕೊಂಡ.

"ಹಾಗಾದರೆ," ಎಂದರು ಮೇಡಂ ನಿಧಾನವಾಗಿ, "ಇದೇನು?"

ಐವತ್ತಾರು ವರ್ಷದಲ್ಲಿ ದೇವೇಂದ್ರಪ್ಪನವರಿಗೆ ಇಂಥ ಗಳಿಗೆ ಬಂದಿರಲಿಲ್ಲ. ಇದು ನನ್ನದು, ನಾನು ಕಾಯಿಸಿದ್ದು, ಬ್ರಹ್ಮ ಬಂದರೂ ಬಿಡಿಸಲಾರ ಎಂದು ಕೂಗಬೇಕೆನ್ನಿಸಿತು. ಸೂರ್ಯನಾರಾಯಣರನ್ನು ಸಿಂಗಪುರದ ಟ್ಯೂಬಿನ ಸಮೇತ ಎಳೆದುತಂದು ಇದರ ಮುಂದೆ ನಿಲ್ಲಿಸಬೇಕೆನ್ನಿಸಿತು. ಆದರೆ ಹಾಗೆಂದರೆ ಹೇಳಿಕೆ ಸುಳ್ಳು, ಕಾರ್ಖಾನೆ ನಿಜ, ಮನೆ ಹೋಯಿತು. ಕಣ್ಣ ಮುಂದೆ ದ್ವಾರಕಾದ ಕತ್ತಲೆ ರೂಮಿನಲ್ಲಿ ಫ್ರಿಜ್ಜಿಗೆ ಒರಗಿ ಟಾರ್ಚಿನ ಬೆಳಕಲ್ಲಿ ಕೆಮಿಸ್ಟ್ರಿ ಓದುವ ಹರಿಣಿ ಬಂದಳು.

"ಹಲ್ವಾ, ಮೇಡಂ," ಎಂದರು.

"ಏನು?"

"ಅವತ್ತು ಇನ್ಸ್‌ಪೆಕ್ಟರ್ ಸಾಹೇಬರು ಹಲ್ವಾ ತಿಂತಾ ಬರೀತಿದ್ರು. ಫೈಲಿನೊಳಗೆ ಬಿದ್ದಿರಬೇಕು. ಅಂಟಂತೂ ಅಲ್ಲ ಮೇಡಂ. ನನ್ನ ಅಂಟಿಗೆ ಆ ಯೋಗ್ಯತೆ ಇಲ್ಲ."

ಮೇಡಂ ಡಬಾಸ್ ಕಡೆ ತಿರುಗಿದರು. ಕರ್ತವ್ಯದ ಮೇಲೆ ಒಂದು ಬಟ್ಟಲು ಹಲ್ವಾ ತಿಂದ, ಅಂಟಿನ ಚಮಚವನ್ನು ಸ್ವಹಸ್ತದಿಂದ ಹಿಡಿದಿದ್ದ ಡಬಾಸ್ ಎರಡು ಪಾಪಗಳಲ್ಲಿ ಚಿಕ್ಕದನ್ನು ಆರಿಸಿಕೊಂಡರು. "ಜೀ ಮೇಡಂ," ಎಂದರು, "ಸಕ್ಕರೆ ಪಾಕ ಸ್ವಲ್ಪ ಗಟ್ಟಿ ಇತ್ತು."

ಮೇಡಂ ಇಬ್ಬರನ್ನೂ ಒಮ್ಮೆ ನೋಡಿದರು. ಆಮೇಲೆ ಸಣ್ಣ ಚೀಟಿಯಲ್ಲಿ 'ತೆರೆದ ನಂತರ ಮಂಡಿಸಿ' ಎಂದು ಬರೆದು, ಫೈಲಿನ ಮೇಲೆ ಗುಂಡುಪಿನ್ನು ಚುಚ್ಚಲು ನೋಡಿದರು. ಪಿನ್ನು ಬಗ್ಗಿತು. ಚೀಟಿಯನ್ನು ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿ ಫೈಲನ್ನು ಬೀರುವಿನ ಮೇಲಕ್ಕೆ ಕಳಿಸಿದರು. ಬೀರುವಿನ ಮೇಲೆ ಹೋದ ಫೈಲು ಎಂದರೇನೆಂದು ಇಪ್ಪತ್ತೆಂಟು ವರ್ಷ ಸರ್ವೀಸು ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆ ಉಳಿದಿತ್ತು.

ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತು. ಖುಷಿ ಪಡಬೇಕಿತ್ತು, ಪಟ್ಟರು. ಆದರೆ ಗೆದ್ದದ್ದನ್ನು ಯಾರಿಗೂ ಹೇಳುವ ಹಾಗಿಲ್ಲವಲ್ಲ ಎಂಬ ಸಂಕಟ ಮೋತಿಬಾಗ್ ದಾಟಿದರೂ ಬಿಡಲಿಲ್ಲ. ಆಫೀಸಿನಲ್ಲಿ ಹೇಳಿದರೆ ಮಾತು ಕ್ವಾರ್ಟರ್ಸ್ ಕಚೇರಿಗೆ ಮುಟ್ಟುತ್ತದೆ. ಭಟ್ನಾಗರರಿಗೆ ಹೇಳಿದರೆ ಅವರು ಮೀಟಿಂಗಿನಲ್ಲಿ ಹೇಳುತ್ತಾರೆ. ಅಣ್ಣನಿಗೆ ಹೇಳುವ ಮಾತೇ ಇಲ್ಲ.

ಮನೆಗೆ ಬಂದು ರತ್ನಪ್ರಭಮ್ಮನ ಮುಂದೆ ಎಲ್ಲವನ್ನೂ ಒಪ್ಪಿಸಿದರು. ಫ್ರಿಜ್ಜು ಸರಿಸುವ ಅಗತ್ಯವಿಲ್ಲ ಎಂದಾಗ ರತ್ನಪ್ರಭಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಳಗೆ ಹರಿಣಿ ಏನೋ ಸೂತ್ರವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು.

"ಆದ್ರೆ ರತ್ನಾ," ಎಂದರು ದೇವೇಂದ್ರಪ್ಪನವರು ಸಣ್ಣ ದನಿಯಲ್ಲಿ, "ಅದು ಹಲ್ವಾ ಅಲ್ಲ ಕಣೇ. ನಂದೇ. ನೀನು ನಂಬ್ತೀಯೋ ಇಲ್ವೋ ಗೊತ್ತಿಲ್ಲ."

ರತ್ನಪ್ರಭಮ್ಮ ಎದ್ದು ಬಾಲ್ಕನಿಗೆ ಹೋದರು. ಹದಿನಾರು ದಿನದಿಂದ ಬಿಸಿನೀರು, ಸೋಪು, ಬೂದಿ, ಕಲ್ಲು ಯಾವುದಕ್ಕೂ ಬಗ್ಗದೆ ಮೂಲೆಯಲ್ಲಿ ಕೂತಿದ್ದ ಅಂಟಿನ ಪಾತ್ರೆಯನ್ನು ತಂದು ಗಂಡನ ಮುಂದಿಟ್ಟರು. ಸೌಟು ಅದರ ನಡುವೆ ಕಂಬದಂತೆ ನಿಂತಿತ್ತು. ರತ್ನಪ್ರಭಮ್ಮ ಸೌಟಿನ ಹಿಡಿಯನ್ನು ಎರಡೇ ಬೆರಳಿನಲ್ಲಿ ಹಿಡಿದು ಮೇಲೆತ್ತಿದರು. ಪಾತ್ರೆಯೂ ಮೇಲೆ ಬಂತು. ಪಾತ್ರೆಯ ಜೊತೆಗೆ, ಬಾಲ್ಕನಿಯಲ್ಲಿ ಅದರ ತಳಕ್ಕೆ ಕಚ್ಚಿಕೊಂಡಿದ್ದ ಪ್ಲಾಸ್ಟಿಕ್ ಮಣೆಯೂ ಬಂತು. ಮೂರನ್ನೂ ಅವರು ಗಂಡನ ಮುಖದೆದುರು ಒಂದು ನಿಮಿಷ ತೂಗುಹಾಕಿದರು.

"ಯಾರಿಗೂ ಹೇಳಬೇಡಿ," ಎಂದರು. "ನಾನು ನೋಡಿದೀನಲ್ಲ, ಸಾಕು."

ದೇವೇಂದ್ರಪ್ಪನವರಿಗೂ ಅಷ್ಟೇ ಸಾಕಿತ್ತು. ಅಂದು ಅವರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.